‘ವಿಚಿಂಗ್ ಅವರ್’ ಅಂದರೆ ಬರೀ ಮಧ್ಯರಾತ್ರಿನಾ?

‘ವಿಚಿಂಗ್ ಅವರ್’ ಅನ್ನೋದನ್ನ ಕನ್ನಡಕ್ಕೆ ತರೋಕೆ ಹೋದ್ರೆ ನಿಮಗೆ ಮೊದಲು ಸಿಗೋ ಪದ ‘ಮಧ್ಯರಾತ್ರಿ’. ಗಡಿಯಾರದ ಲೆಕ್ಕಕ್ಕೆ ಸರಿ. ಆದರೆ ಆ ಮಾತಿನೊಳಗೆ ಕೂತಿದ್ದ ಮಾಟಗಾತಿ ಎಲ್ಲಿ ಹೋದಳು?

ಅವಳು ಬಂದಿದ್ದು ಯೂರೋಪಿನ ಹಳೇ ನಂಬಿಕೆಯಿಂದ: ಊರೆಲ್ಲ ಮಲಗಿದ ಮೇಲೆ ಮಾಟಗಾತಿಯರಿಗೂ ದೆವ್ವಗಳಿಗೂ ಬಲ ಹೆಚ್ಚು. ಮಾಟಗಾತಿಯ ಭಯ ಅಲ್ಲಿ ಬರೀ ಅಜ್ಜಿಕತೆಯಾಗಿ ಉಳಿಯಲಿಲ್ಲ. 15ರಿಂದ 18ನೇ ಶತಮಾನದೊಳಗೆ ಮಾಟದ ಆರೋಪಕ್ಕೆ ಪ್ರಾಣ ಕಳೆದುಕೊಂಡವರು ಸುಮಾರು 40,000ದಿಂದ 60,000 ಅಂತ ಇತಿಹಾಸಕಾರರ ಅಂದಾಜು. ಹೆಚ್ಚಿನವರು ಹೆಂಗಸರು.

ಶೇಕ್ಸ್‌ಪಿಯರ್ ಬಳಸಿದ್ದು ‘ವಿಚಿಂಗ್ ಟೈಮ್’. ‘ಹ್ಯಾಮ್ಲೆಟ್’ ನಾಟಕದ 3ನೇ ಅಂಕ ತೆಗೆದು ನೋಡಿ. ಚಿಕ್ಕಪ್ಪನ ಪಾಪ ಬಯಲಾಗಿದೆ, ತಾಯಿ ಕರೆದಿದ್ದಾಳೆ. ಒಂಟಿಯಾಗಿ ನಿಂತ ಹ್ಯಾಮ್ಲೆಟ್ ಸಮಾಧಿ, ನರಕ, ಬಿಸಿರಕ್ತ ಅಂತೆಲ್ಲ ಮಾತಾಡ್ತಾನೆ. ನನ್ನ ಪ್ರಕಾರ ಅವನು ಟೈಮ್ ಹೇಳ್ತಿಲ್ಲ. ತನ್ನ ಕೈಲಾಗದ ಕೊಲೆಗೆ ರಾತ್ರಿಯಿಂದ ಧೈರ್ಯ ಸಾಲ ತಗೊಳ್ತಿದ್ದಾನೆ. ಮುಂದಿನ ದೃಶ್ಯದಲ್ಲೇ ಚಿಕ್ಕಪ್ಪ ಒಬ್ಬನೇ ಸಿಗ್ತಾನೆ, ಇವನು ಕತ್ತಿ ಒಳಗಿಡ್ತಾನೆ. ಇಲ್ಲಿ ‘ಮಧ್ಯರಾತ್ರಿ’ ಅಂತ ಅನುವಾದ ಮಾಡಿದ್ರೆ ಆ ಸಾಲವೇ ಕಾಣಲ್ಲ.

ರೋಆಲ್ಡ್ ಡಾಲ್ 1982ರ ‘ದಿ ಬಿಎಫ್‌ಜಿ’ಯ ಮೊದಲ ಅಧ್ಯಾಯಕ್ಕೆ ಇದೇ ಹೆಸರಿಟ್ಟ. ಅನಾಥಾಶ್ರಮದಲ್ಲಿ ಸೋಫಿ ಎಂಬ ಹುಡುಗಿಗೆ ಮಾತ್ರ ನಿದ್ದೆಯಿಲ್ಲ, ಕಿಟಕಿಯಾಚೆ ದೈತ್ಯ. ಮಾಟಗಾತಿ ಇಲ್ಲಿ ಪತ್ತೆಯಿಲ್ಲ. ಉಳಿದಿರೋದು ಎಲ್ಲರೂ ಮಲಗಿದಾಗ ಒಬ್ಬಳೇ ಎಚ್ಚರವಾಗಿರೋ ಭಯ. ಮಕ್ಕಳಿಗೆ ನಾನು ಈ ಅರ್ಥವನ್ನೇ ಕೊಡ್ತೀನಿ. (ಷೇರು ಮಾರ್ಕೆಟ್‌ನವರು ‘ಟ್ರಿಪಲ್ ವಿಚಿಂಗ್’ ಅಂತ ಮೂರು ಬಗೆಯ ಕಾಂಟ್ರ್ಯಾಕ್ಟುಗಳು ಒಂದೇ ದಿನ ಮುಗಿಯೋದನ್ನ ಕರೀತಾರೆ. ಅದು ಸಂಜೆಗೂ ಮುಂಚೆ!)

ನಮ್ಮಲ್ಲಿ ಏನಿದೆ? ಹಳೇ ಮೈಸೂರು ಕಡೆಯವರ ಬಾಯಲ್ಲಿ ಕೇಳಿರ್ತೀರಿ: ‘ಸರೊತ್ತು’. ಸರಿ ಹೊತ್ತು, ರಾತ್ರಿ ಸಮವಾಗಿ ಎರಡಾಗೋ ಹೊತ್ತು. ಡೇಟಾ ಕೆಲಸದವನಾದ ನನಗೆ ಇದು ತುಂಬಾ ಇಷ್ಟ: ಪದದೊಳಗೆ ಬರೀ ಲೆಕ್ಕ, ದೆವ್ವ ಇಲ್ಲ. ಹಾಗಂತ ನಾವೇನೂ ಕಮ್ಮಿ ಅಲ್ಲ. ರಾತ್ರಿ ಬಂದು ಕದ ತಟ್ಟೋಳು ವಾಪಸ್ ಹೋಗಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಬರೆದವರು ನಾವು. ಅಲ್ಲೂ ಹೆದರಿಸೋಳು ಹೆಂಗಸೇ, ಗಮನಿಸಿ.

ಆದರೂ ‘ಇಷ್ಟು ಸರೊತ್ನಲ್ಲಿ ಎಲ್ಲಿಗೆ ಹೊರಟೆ?’ ಅಂತ ಅಜ್ಜಿ ಕೇಳಿದ್ರೆ ಮೈ ಜುಮ್ ಅನ್ನುತ್ತೆ, ಯಾವ ಮಾಟಗಾತಿಯ ಹೆಸರೂ ಎತ್ತದೆ. ಸೋಫಿಯ ಕತೆಯನ್ನ ಮಗುವಿಗೆ ಕನ್ನಡದಲ್ಲಿ ಹೇಳ್ತೀರಾದರೆ ‘ಮಾಟಗಾತಿ ಗಳಿಗೆ’ ಅಂತ ಹೊಸದಾಗಿ ಹೊಸೆಯಬೇಡಿ. ದನಿ ತಗ್ಗಿಸಿ ‘ಸರೊತ್ತಾಗಿತ್ತು’ ಅನ್ನಿ, ಒಂದು ಕ್ಷಣ ಸುಮ್ಮನಿರಿ, ಆಮೇಲೆ ದೈತ್ಯನನ್ನ ಕರೀರಿ.