ಒಬ್ಬಂಟಿ ಮೇಜು

ಗಣಿತದ ಪತ್ರಿಕೆಯಲ್ಲಿ ಬಂದ ಲೇಖನವೊಂದರ ಬಗ್ಗೆ ಕಥೆಗಾರನೊಬ್ಬ ವಿಮರ್ಶೆ ಬರೆಯಲು ಹೊರಟರೆ ಓದುಗರಿಗೆ ಆಶ್ಚರ್ಯವಾಗಬಹುದು. ಆದರೆ 1992ರಲ್ಲಿ ಅಮೆರಿಕದ 'ದಿ ಕಾಲೇಜ್ ಮ್ಯಾಥಮ್ಯಾಟಿಕ್ಸ್ ಜರ್ನಲ್' ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಯೂರಿ ಟ್ರೀಸ್ಮನ್ ಅವರ ಲೇಖನದಲ್ಲಿ ಲೆಕ್ಕಗಳಿಗಿಂತ ಮನುಷ್ಯರೇ ಹೆಚ್ಚು. ಕ್ಯಾಲ್ಕ್ಯುಲಸ್ ಓದುವ ವಿದ್ಯಾರ್ಥಿಗಳನ್ನೇ ಓದಲು ಹೊರಟ ಒಬ್ಬ ಮೇಷ್ಟ್ರ ಅನುಭವ ಅದು. ಅವರು ಯಾರೊಂದಿಗೆ ಓದುತ್ತಾರೆ? ಎಲ್ಲಿ ಕುಳಿತು ಓದುತ್ತಾರೆ? ಅರ್ಥವಾಗದಿದ್ದಾಗ ಯಾರನ್ನು ಕೇಳುತ್ತಾರೆ? ಇಷ್ಟು ಸರಳ ಪ್ರಶ್ನೆಗಳನ್ನು ಒಂದು ದೊಡ್ಡ ವಿಶ್ವವಿದ್ಯಾಲಯ ಅದುವರೆಗೆ ಕೇಳಿಯೇ ಇರಲಿಲ್ಲ ಎಂಬುದೇ ಲೇಖನದ ತಿರುಳು.

ಇದಕ್ಕೆ ಹಿನ್ನೆಲೆಯೊಂದಿದೆ. 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ನಂತರ ಅಮೆರಿಕದ ವಿಶ್ವವಿದ್ಯಾಲಯಗಳು ಕರಿಯ ಮತ್ತು ಲ್ಯಾಟಿನೋ ವಿದ್ಯಾರ್ಥಿಗಳಿಗೆ ಹೆಚ್ಚಿನ ಸಂಖ್ಯೆಯಲ್ಲಿ ಬಾಗಿಲು ತೆರೆದವು. ಬಾಗಿಲು ತೆರೆದರೆ ಸಾಲದು, ಒಳಗೆ ಬಂದವರನ್ನು ಉಳಿಸಿಕೊಳ್ಳಬೇಕು ಎಂಬ ಅರಿವು ಇಂಜಿನಿಯರಿಂಗ್ ವಿಭಾಗಗಳಲ್ಲಿ ಬೇಗ ಮೂಡಿತು. 1970ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಟೆಕ್ನಿಕಲ್ ಹೈಸ್ಕೂಲಿನಲ್ಲಿ 25 ಮಂದಿ ಮಕ್ಕಳೊಂದಿಗೆ 'ಮೆಸಾ' ಎಂಬ ಕಾರ್ಯಕ್ರಮ ಆರಂಭವಾಯಿತು. 1973ರಲ್ಲಿ ನಾರ್ತ್‌ರಿಜ್‌ನ ಸ್ಟೇಟ್ ಯೂನಿವರ್ಸಿಟಿಯಲ್ಲಿ ರೇಮಂಡ್ ಲ್ಯಾಂಡಿಸ್ ಎಂಬ ಪ್ರಾಧ್ಯಾಪಕರು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿಯೇ ಇಂಜಿನಿಯರಿಂಗ್ ನೆರವು ಯೋಜನೆಯೊಂದನ್ನು ಕಟ್ಟಿದರು. 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕರಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಮುಂದಾಗಿ ರಾಷ್ಟ್ರೀಯ ಸಂಘಟನೆ ಹುಟ್ಟುಹಾಕಿದರು.

ಇಷ್ಟಾದರೂ ಮಕ್ಕಳು ಸೋರಿಹೋಗುತ್ತಲೇ ಇದ್ದರು. ಸೋರುವ ಜಾಗ ಎಲ್ಲರಿಗೂ ಗೊತ್ತಿತ್ತು. ಅದು ಮೊದಲ ವರ್ಷದ ಕ್ಯಾಲ್ಕ್ಯುಲಸ್. ಅದರಲ್ಲಿ ಎಡವಿದವನಿಗೆ ಇಂಜಿನಿಯರಿಂಗ್‌ನ ಮುಂದಿನ ಮೆಟ್ಟಿಲು ಇಲ್ಲ. ಅವನನ್ನು ಯಾರೂ ಹೊರಹಾಕುವುದಿಲ್ಲ. ಅವನೇ ಸದ್ದಿಲ್ಲದೆ ವಿಷಯ ಬದಲಿಸಿಕೊಂಡು ಹೋಗುತ್ತಾನೆ. ಕಾಲೇಜಿನ ದಾಖಲೆಯಲ್ಲಿ ಅದು ಅವನದೇ ಆಯ್ಕೆ.

1970ರ ದಶಕದ ನಡುವೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಟ್ರೀಸ್ಮನ್ ಈ ಸೋರಿಕೆಯ ಕಾರಣವನ್ನು ಅಧ್ಯಾಪಕರಲ್ಲಿ ವಿಚಾರಿಸಿದರು. ಮುಖ್ಯವಾಗಿ ನಾಲ್ಕು ಉತ್ತರಗಳು ಬಂದವು. ಈ ಮಕ್ಕಳಿಗೆ ಓದುವ ಛಲ ಕಡಿಮೆ. ಶಾಲೆಯಲ್ಲಿ ಬುನಾದಿ ಸರಿಯಾಗಿಲ್ಲ. ಮನೆಯಲ್ಲಿ ಉನ್ನತ ಶಿಕ್ಷಣದ ಬೆಲೆ ತಿಳಿದವರಿಲ್ಲ. ಕೊನೆಯದಾಗಿ, ಬಡತನ. ಉತ್ತರ ಕೊಟ್ಟವರು ಕೆಟ್ಟವರೇನಲ್ಲ. ಅವರಲ್ಲಿ ಅನೇಕರು ಈ ಮಕ್ಕಳ ಹಿತೈಷಿಗಳೇ. ಆದರೂ ನಾಲ್ಕೂ ಉತ್ತರಗಳಲ್ಲಿ ಒಂದು ಸಾಮ್ಯವಿದೆ. ಎಲ್ಲದರಲ್ಲೂ ಕೊರತೆ ಇರುವುದು ವಿದ್ಯಾರ್ಥಿಯಲ್ಲಿ, ಅವನ ಮನೆಯಲ್ಲಿ, ಅವನ ಶಾಲೆಯಲ್ಲಿ. ಪಾಠ ನಡೆಯುವ ಕೋಣೆಯತ್ತ ಮಾತ್ರ ಯಾರ ಬೆರಳೂ ತಿರುಗುವುದಿಲ್ಲ.

ನಮ್ಮ ನಾಡಿನ ಓದುಗರಿಗೆ ಈ ನಾಲ್ಕು ಉತ್ತರಗಳು ಹೊಸತೆನಿಸಲಾರವು. 'ಆ ಹುಡುಗರಿಗೆ ಓದುವುದು ಬೇಕಿಲ್ಲ', 'ಕನ್ನಡ ಮೀಡಿಯಂನಿಂದ ಬಂದಿದ್ದಾನೆ, ಏನು ಮಾಡೋದು?' ಎಂಬ ಮಾತುಗಳನ್ನು ನಮ್ಮ ಸ್ಟಾಫ್ ರೂಮುಗಳಲ್ಲೂ ಕೇಳಬಹುದು. ಅವನ್ನು ಆಡುವವರೂ ಸಾಮಾನ್ಯವಾಗಿ ಸಜ್ಜನರೇ.

ಟ್ರೀಸ್ಮನ್ ಆ ಉತ್ತರಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದರು. ಛಲವಿಲ್ಲದವರು ಅಲ್ಲಿಯವರೆಗೆ ಬರುವುದಾದರೂ ಹೇಗೆ? ಎಷ್ಟೋ ಮಂದಿ ತಮ್ಮ ಶಾಲೆಯ ಮೊದಲಿಗರು, ಚರ್ಚಿನ ಯುವಕರ ಮುಂದಾಳುಗಳು. ಮಗು ಹುಟ್ಟುವ ಮೊದಲೇ ಅದನ್ನು ಕಾಲೇಜಿಗೆ ಕಳಿಸುವುದೆಂದು ನಿಶ್ಚಯಿಸಿದ್ದ ತಾಯ್ತಂದೆಯರೂ ಇದ್ದರು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೂ ಮೊದಲ ವರ್ಷದಲ್ಲೇ ಮುಗ್ಗರಿಸುತ್ತಿದ್ದರು. ಆದ್ದರಿಂದ ಬುನಾದಿಯ ಮಾತೂ ಪೂರ್ತಿ ನಿಲ್ಲಲಿಲ್ಲ.

ಆಗ ಅವರು ಮಾಡಿದ ಕೆಲಸ ಕಥೆಗಾರನಾದ ನನಗೆ ಬಹಳ ಇಷ್ಟವಾಯಿತು. 20 ಮಂದಿ ಕರಿಯ ವಿದ್ಯಾರ್ಥಿಗಳು ಮತ್ತು 20 ಮಂದಿ ಚೀನೀ ಮೂಲದ ವಿದ್ಯಾರ್ಥಿಗಳ ಬೆನ್ನು ಹತ್ತಿ, ಅವರು ಓದುವ ಜಾಗಗಳಿಗೇ ಹೋಗಿ ಕುಳಿತರು. ಪ್ರಶ್ನಾವಳಿ ಬಿಟ್ಟು ಕಣ್ಣನ್ನು ನಂಬಿದರು.

ಕಂಡದ್ದೇನು? ಕರಿಯ ವಿದ್ಯಾರ್ಥಿಗಳು ಮೇಷ್ಟ್ರು ಹೇಳಿದಷ್ಟನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ವಾರಕ್ಕೆ ಸುಮಾರು 8 ಗಂಟೆ ಗಣಿತ. ಆದರೆ 20 ಮಂದಿಯಲ್ಲಿ 18 ಮಂದಿ ಓದುತ್ತಿದ್ದುದು ಒಬ್ಬಂಟಿಯಾಗಿ. ಗೆಳೆತನ ಬೇರೆ, ಓದು ಬೇರೆ. ಲೆಕ್ಕ ಬಾರದಿದ್ದರೆ ತನ್ನಲ್ಲೇ ದೋಷವೆಂದು ಇನ್ನಷ್ಟು ಹೊತ್ತು ಅದೇ ಮೇಜಿನ ಮುಂದೆ ಕೂರುವುದು. ಚೀನೀ ಮೂಲದ ವಿದ್ಯಾರ್ಥಿಗಳೂ ಒಂಟಿಯಾಗಿ ಅಷ್ಟೇ ಹೊತ್ತು ಓದುತ್ತಿದ್ದರು. ಆದರೆ ಸಂಜೆ ಒಂದೆಡೆ ಸೇರಿ, ಊಟ ಮಾಡುತ್ತ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತ, ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ಸರಿಪಡಿಸುತ್ತ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದರು. ಹೀಗೆ ಅವರ ಓದು ವಾರಕ್ಕೆ 14 ಗಂಟೆಯಾಗುತ್ತಿತ್ತು. ಒಂದು ಲೆಕ್ಕ ಯಾರಿಗೂ ಬಾರದಿದ್ದರೆ ಲೆಕ್ಕವೇ ಕಠಿಣವೆಂದು ತಿಳಿಯುತ್ತಿತ್ತು. ಒಬ್ಬಂಟಿಯಾಗಿ ಓದುವವನಿಗೆ ಆ ಸಮಾಧಾನವಿಲ್ಲ.

ಈ ಭಾಗ ಓದುವಾಗ ನನ್ನ ಶಾಲೆಯ ದಿನಗಳು ನೆನಪಾದವು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ವರ್ಷ ನಾನು ಕಲಿತ ಮೊದಲ ವಿದ್ಯೆ, ಅರ್ಥವಾಗದಿದ್ದರೂ ಅರ್ಥವಾದವನಂತೆ ತಲೆಯಾಡಿಸುವುದು. ಕೇಳಿದರೆ ದಡ್ಡತನ ಬಯಲಾಗುತ್ತದೆ. ಅದು ನನ್ನೊಬ್ಬನ ದಡ್ಡತನವಾಗಿ ಉಳಿಯದೆ ನಾನು ಬಂದ ಶಾಲೆಯ, ನಮ್ಮ ಮೊಹಲ್ಲಾದ ದಡ್ಡತನವಾಗುತ್ತದೆ ಎಂಬ ಹೆದರಿಕೆ. ನನ್ನ ಪಕ್ಕದಲ್ಲಿ ಕುಳಿತವನಿಗೆ ಈ ಭಾರವಿರಲಿಲ್ಲ. ಅವನು ತಪ್ಪು ಮಾಡಿದರೆ ಅವನೊಬ್ಬನೇ ತಪ್ಪು ಮಾಡಿದಂತೆ.

ಬರ್ಕ್ಲಿಯಲ್ಲಿ ಆಗಲೇ ನೆರವಿನ ತರಗತಿಗಳಿದ್ದವು. ಹಿಂದುಳಿದವರಿಗೆ ಪಾಠ ಹೇಳಿಕೊಡುವವರಿದ್ದರು. ಆದರೆ ಪ್ರತಿಭಾವಂತರು ಆ ಕಡೆ ಸುಳಿಯುತ್ತಿರಲಿಲ್ಲ. ಊರಲ್ಲಿ ಮೊದಲಿಗನೆನಿಸಿಕೊಂಡವನು 'ದುರ್ಬಲರಿಗಾಗಿ' ಎಂಬ ಫಲಕದಡಿ ಹೋಗಿ ನಿಲ್ಲುವುದು ಹೇಗೆ? ಇಲ್ಲಿ ತಪ್ಪು ನೆರವಿನದ್ದಲ್ಲ, ನೆರವು ಆಡುವ ಭಾಷೆಯದ್ದು.

ಟ್ರೀಸ್ಮನ್ ಮತ್ತು ಸಂಗಡಿಗರು 1978ರ ಸುಮಾರಿಗೆ ಆರಂಭಿಸಿದ ಕಾರ್ಯಾಗಾರ ಈ ಭಾಷೆಯನ್ನು ಬದಲಿಸಿತು. ಅದು ಹಿಂದುಳಿದವರ ತರಗತಿಯಾಗಿರಲಿಲ್ಲ, ಸಾಧಿಸಬಲ್ಲವರ ಕೂಟವಾಗಿತ್ತು. ಇತರ ಜನಾಂಗದವರಿಗೂ ಪ್ರವೇಶವಿತ್ತು. ಅಲ್ಲಿ ಸುಲಭದ ಲೆಕ್ಕಗಳ ಬದಲು ಹೆಚ್ಚು ಕಠಿಣ ಲೆಕ್ಕಗಳನ್ನು ಕೊಟ್ಟರು. ಒಬ್ಬರಿಂದಾಗದೆ ನಾಲ್ವರು ತಲೆ ಕೊಡಬೇಕಾದಂಥವು. ಫಲಿತಾಂಶ ಅಧ್ಯಾಪಕರನ್ನೇ ಬೆರಗುಗೊಳಿಸಿತು. ಪ್ರವೇಶ ಪರೀಕ್ಷೆಯ ಗಣಿತದಲ್ಲಿ 600ರ ಆಸುಪಾಸು ಅಂಕ ಪಡೆದಿದ್ದ ಕರಿಯ ವಿದ್ಯಾರ್ಥಿಗಳು 700ಕ್ಕೂ ಹೆಚ್ಚು ಪಡೆದಿದ್ದ ಬಿಳಿಯ ಮತ್ತು ಏಷ್ಯಾ ಮೂಲದವರಿಗೆ ಸರಿಸಾಟಿಯಾಗಿ ನಿಂತರು. ನೋಡಲು ಬಂದವರು 'ಗುಂಪಿನಲ್ಲಿ ಓದಿಸಿದರೆ ಆಯಿತು' ಎಂದುಕೊಂಡು ಹೋದರು. ಆದರೆ ಕಾರ್ಯಾಗಾರದ ಜೀವಾಳ ಆ ಕಠಿಣ ಲೆಕ್ಕಗಳೇ ಎಂದು ಟ್ರೀಸ್ಮನ್ ಸ್ಪಷ್ಟಪಡಿಸುತ್ತಾರೆ. ಕಠಿಣ ಕೆಲಸ ಕೊಡುವುದು ಗೌರವದ ಒಂದು ರೂಪ ಎಂಬ ಈ ತಿಳಿವಳಿಕೆ ಬಹಳ ದೊಡ್ಡದು.

ಇಷ್ಟು ಮೆಚ್ಚಿದ ಮೇಲೂ ನನಗೆ ಎರಡು ತಕರಾರುಗಳಿವೆ.

ಮೊದಲನೆಯದು, ಈ ಬರಹದಲ್ಲಿ ವಿದ್ಯಾರ್ಥಿಗಳು ಕಾಣುತ್ತಾರೆ, ಆದರೆ ಅವರ ದನಿ ಸಾಕಷ್ಟು ಕೇಳುವುದಿಲ್ಲ. ಹಾಗಾಗಿ 20 ಮಂದಿ ಕೂಡಿ ಓದುವವರ ಮಾದರಿಯಾಗಿ, 20 ಮಂದಿ ಒಂಟಿಯಾಗಿ ಓದುವವರ ಮಾದರಿಯಾಗಿ ಓದುಗನ ಮನಸ್ಸಿನಲ್ಲಿ ನಿಂತುಬಿಡುತ್ತಾರೆ. ಅವಸರದ ಓದುಗ 'ಅದು ಅವರ ಸಂಸ್ಕೃತಿ' ಎಂದು ತೀರ್ಪು ಕೊಡಬಹುದು. ಆಗ ಲೇಖಕರು ಬೀಳಿಸಿದ ನಾಲ್ಕು ಉತ್ತರಗಳ ಜಾಗಕ್ಕೆ ಐದನೆಯದೊಂದು ಬಂದು ಕೂರುತ್ತದೆ. ಸ್ವಂತ ಬಲದಿಂದಲೇ ಶಾಲೆಯಲ್ಲಿ ಗೆದ್ದವರು ಒಂಟಿಯಾಗಿ ಓದುವುದನ್ನು ರೂಢಿಸಿಕೊಂಡಿದ್ದರು ಎಂಬುದು ಸರಿ. ಆದರೆ ತನ್ನ ಅಜ್ಞಾನವನ್ನು ಇನ್ನೊಬ್ಬನೆದುರು ಬಿಚ್ಚಿಡಲು ಹೆದರುವಂಥ ಗಾಳಿ ಆ ಆವರಣದಲ್ಲೇ ಇದ್ದಿರಬಹುದಲ್ಲವೇ? 1995ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್‌ಸನ್ ನಡೆಸಿದ ಪ್ರಯೋಗಗಳು ಈ ಹೆದರಿಕೆಯನ್ನೇ ಕುರಿತವು. ಇದು ನಿಮ್ಮ ಸಾಮರ್ಥ್ಯದ ಪರೀಕ್ಷೆ ಎಂದು ಹೇಳಿದಾಗ ಕರಿಯ ವಿದ್ಯಾರ್ಥಿಗಳ ಅಂಕ ಕುಸಿಯಿತೆಂದು ಅವರು ಕಂಡರು. ಆ ಪರಿಣಾಮ ಎಷ್ಟು ದೊಡ್ಡದೆಂಬ ಬಗ್ಗೆ ಆಮೇಲಿನ ಸಂಶೋಧಕರಲ್ಲಿ ಒಮ್ಮತವಿಲ್ಲ. ಆದರೆ ಅಂಥ ನೋಟದಡಿ ಕುಳಿತು ಪರೀಕ್ಷೆ ಬರೆದವರಿಗೆ ಆ ಹೆದರಿಕೆಯ ಪರಿಚಯ ಇದ್ದೇ ಇರುತ್ತದೆ.

ಎರಡನೆಯದು, ಕಾರ್ಯಾಗಾರ ಗೆದ್ದಿತು; ಮುಖ್ಯ ತರಗತಿ ಹಾಗೆಯೇ ಉಳಿಯಿತು. ಪಾಠಕ್ರಮವೂ ಬದಲಾಗಬೇಕೆಂಬ ಅರಿವು ಲೇಖಕರಿಗೆ ಇಲ್ಲವೆಂದಲ್ಲ. ಆದರೆ ಮನೆ ಸೋರುತ್ತಿರುವಾಗ ಪಕ್ಕದಲ್ಲೊಂದು ಚಪ್ಪರ ಹಾಕಿದಂತೆ ಇಂಥ ಯೋಜನೆಗಳು ನಡೆದವು. ಚಪ್ಪರವನ್ನು ಕಿತ್ತುಹಾಕುವುದು ಸುಲಭ.

ಕೀಳುವ ಕಾಲ ಈಗ ಬಂದಿದೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೊಸಿಷನ್ 209ರ ಮೂಲಕ ಸರಕಾರಿ ಶಿಕ್ಷಣದಲ್ಲಿ ಜನಾಂಗ ಆಧಾರಿತ ಆದ್ಯತೆಯನ್ನು ನಿಷೇಧಿಸಿದರು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ, ಪ್ರವೇಶ ನೀಡುವಾಗ ಜನಾಂಗವನ್ನು ಪರಿಗಣಿಸುವ ಪದ್ಧತಿಯ ವಿರುದ್ಧ ತೀರ್ಪಿತ್ತಿತು. ಟೆಕ್ಸಸ್ ರಾಜ್ಯದಲ್ಲಿ ಸರಕಾರಿ ವಿಶ್ವವಿದ್ಯಾಲಯಗಳ ವೈವಿಧ್ಯ ಕಚೇರಿಗಳನ್ನು ನಿಷೇಧಿಸುವ ಕಾನೂನು 2024ರ ಜನವರಿ 1ರಿಂದ ಜಾರಿಗೆ ಬಂತು. ಟ್ರೀಸ್ಮನ್ ಬರ್ಕ್ಲಿ ಬಿಟ್ಟು ಸೇರಿದ್ದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯವನ್ನೇ ಎಂಬುದು ವಿಪರ್ಯಾಸ. ಅದೇ ವರ್ಷ ಏಪ್ರಿಲ್‌ನಲ್ಲಿ ಆ ವಿಶ್ವವಿದ್ಯಾಲಯ ತನ್ನ ಒಂದು ಇಡೀ ವಿಭಾಗವನ್ನು ಮುಚ್ಚಿ ಹಲವರನ್ನು ಕೆಲಸದಿಂದ ತೆಗೆಯಿತು. 2025ರ ಮಾರ್ಚ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯವೂ ತನ್ನ ವೈವಿಧ್ಯ ಕಚೇರಿಯನ್ನು ಮುಚ್ಚುವುದಾಗಿ ಘೋಷಿಸಿತು.

ಎಲ್ಲರನ್ನೂ ಸಮಾನವಾಗಿ ಕಾಣಬೇಕೆಂಬುದು ಮುಚ್ಚಿಸುವವರ ವಾದ. ಕೇಳಲು ಹಿತವಾದ ಮಾತು. ಅವರಲ್ಲಿ ಕೆಲವರು ಹೇಳುವ ಇನ್ನೊಂದು ಮಾತಿನಲ್ಲಿ ಸತ್ಯಾಂಶವೂ ಇದೆ. ಕೆಲವು ಕಚೇರಿಗಳಲ್ಲಿ ತರಬೇತಿ ಶಿಬಿರ, ಘೋಷಣೆ, ವರದಿಗಳೇ ಹೆಚ್ಚಾಗಿ, ಲೆಕ್ಕ ಬಾರದೆ ಕಂಗಾಲಾದ ಹುಡುಗಿ ಮರೆತುಹೋಗಿದ್ದಳು. ಆದರೆ ಮುಚ್ಚಿದ ಕಚೇರಿಯಿಂದ ಆ ಹುಡುಗಿಗೆ ಸಿಕ್ಕಿದ್ದೇನು? ಒಬ್ಬಂಟಿ ಮೇಜು ಮಾತ್ರ.

ಬೇರೆ ದಾರಿಯೂ ಇತ್ತೆನ್ನುವುದಕ್ಕೆ ಉದಾಹರಣೆಯಿದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಮೇಯರ್‌ಹಾಫ್ ವಿದ್ಯಾರ್ಥಿವೇತನ ಯೋಜನೆ ವಿಜ್ಞಾನ ಮತ್ತು ಇಂಜಿನಿಯರಿಂಗ್ ಓದುವ ಕರಿಯ ಯುವಕರಿಗಾಗಿ ಶುರುವಾದದ್ದು. 1996ರಲ್ಲಿ ಅದನ್ನು ಎಲ್ಲ ಜನಾಂಗದವರಿಗೂ ತೆರೆದರು. ಆದರೆ ಬೇಸಿಗೆಯ ಪೂರ್ವತಯಾರಿ, ಗುಂಪು ಓದು, ಉನ್ನತ ಸಾಧನೆಯ ನಿರೀಕ್ಷೆ ಯಾವುದನ್ನೂ ಕೈಬಿಡಲಿಲ್ಲ. ಫಲಕ ಬದಲಾದರೂ ಮೇಜು ಉಳಿಯಿತು. ಹಾಗೆಂದು ಫಲಕಕ್ಕೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಯಾರ ಹೆಸರು ಹಿಡಿದು ಬಾಗಿಲು ಮುಚ್ಚಲಾಗಿತ್ತೋ ಅವರ ಹೆಸರು ಹಿಡಿದೇ ಅದನ್ನು ತೆರೆಯಬೇಕಾಗುತ್ತದೆ. ಮೇಜು ಉಳಿಯಬೇಕಾದರೂ ಒಂದು ಕೋಣೆ ಬೇಕು, ಸಂಬಳ ಪಡೆಯುವ ಒಬ್ಬ ಮೇಷ್ಟ್ರು ಬೇಕು. ಸದ್ಭಾವನೆಯೊಂದರಿಂದಲೇ ಅದು ನಡೆಯದು.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವ ಅನೇಕರು ಈ ಪತ್ರಿಕೆಯನ್ನು ಓದುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ಪರಿಹಾರ ತರಗತಿಗೆ ಎಷ್ಟು ಮಂದಿ ಬಂದರೆಂದು ಎಣಿಸುವ ಮೊದಲು, ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲದಕ್ಕೂ ತಲೆಯಾಡಿಸುವ ಹುಡುಗನನ್ನು ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿ: 'ನಿನ್ನೆ ರಾತ್ರಿ ಈ ಲೆಕ್ಕವನ್ನು ಯಾರ ಜೊತೆ ಕೂತು ಮಾಡಿದೆ?' ಅವನು ಸುಮ್ಮನಿದ್ದರೆ, ಕೆಲಸ ಅಲ್ಲಿಂದ ಶುರುವಾಗಬೇಕು.