ಪಾರ್ಸೆಲ್ ಸಾಲದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರೂ ಪ್ರಶ್ನಿಸದೆ ನಡೆಸಿಕೊಂಡು ಬಂದ ಮಾತೊಂದಿದೆ: ಮನೆ ಊಟಕ್ಕೆ ಸಾಟಿಯಿಲ್ಲ, ಗಂಡ ಹೆಂಡತಿ ಇಬ್ಬರೇ ಹೋಟೆಲಿಗೆ ಹೋಗಿ ಕೂರುವುದು ಪೇಟೆ ಚಾಳಿ. ಬೆಂಗಳೂರಿನಲ್ಲಿರುವ ಮಗಳೋ ಸೊಸೆಯೋ ಮದುವೆಯಾದ ದಿನದ ನೆನಪಿಗೆ ಗಂಡನ ಜೊತೆ ಫಾಂಡ್ಯೂ ತಿನ್ನಲು ಹೋಗಿ, ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಹಾಕಿದರೆ ಸಾಕು, ಆ ಮಾತು ಮತ್ತೆ ಎದ್ದು ಕೂರುತ್ತದೆ. ಕರಗಿದ ಚೀಸಿಗೆ ಬ್ರೆಡ್ಡಿನ ಚೂರು ಅದ್ದಿ ತಿನ್ನಲು ಅಷ್ಟು ದುಡ್ಡೇ? ಅದರ ಬದಲು ಮನೆಯಲ್ಲಿ ಬಿಸಿಬಿಸಿ ತೆಳ್ಳೇವು ಮಾಡಿಕೊಂಡು ತಿನ್ನಬಾರದೇ?

ತಿನ್ನಬಹುದು. ಆದರೆ ಆ ತೆಳ್ಳೇವನ್ನು ಯಾರು ಹಾಕುವುದು ಎಂದು ಯಾರೂ ಕೇಳುವುದಿಲ್ಲ.

ನಾನು ಬಲ್ಲದ್ದು ತೋಟದ ಮನೆಗಳ ಅಡುಗೆಮನೆ. ಆ ಮಟ್ಟಿಗೇ ನನ್ನ ಮಾತು. ತೆಳ್ಳೇವು ಕಾವಲಿಯಿಂದ ನೇರ ಬಟ್ಟಲಿಗೆ ಬೀಳಬೇಕಾದ ತಿಂಡಿ. ಹಿಟ್ಟು ನೀರಾಗಿರುತ್ತದೆ, ಕಾವಲಿಯ ಮೇಲೆ ಹಚ್ಚಿದ ಕೂಡಲೇ ಬೇಯುತ್ತದೆ, ಅಂಚು ಎದ್ದ ಕೂಡಲೇ ತೆಗೆಯಬೇಕು. ಜೋನಿಬೆಲ್ಲ, ತುಪ್ಪದ ಜೊತೆ ಬಿಸಿಯಿರುವಾಗಲೇ ತಿಂದವನಿಗೆ ಅದರ ರುಚಿ ಗೊತ್ತು. ತಣಿದರೆ ಮುದುಡಿ ಬೇರೆಯೇ ಪದಾರ್ಥವಾಗುತ್ತದೆ. ಒಂದು ಸಲಕ್ಕೆ ಒಂದೇ ಆಗುವುದು. ಮನೆಯಲ್ಲಿ ಎಂಟು ಜನರಿದ್ದರೆ ಒಬ್ಬಳು ಒಲೆಯ ಮುಂದೆ ಕಡಿಮೆಯೆಂದರೆ ಒಂದು ತಾಸು ಕೂರಲೇಬೇಕು. “ನಿಂಗ ತಿನ್ನಿ, ಯಂಗೆ ಆಮೇಲೆ” ಎನ್ನುತ್ತಾಳೆ. ಆಮೇಲೆ ಎಂದರೆ ಮಕ್ಕಳು ಶಾಲೆಗೆ ಹೋಗಿ, ಆಳುಗಳಿಗೆ ಆಸರಿ ಕೊಟ್ಟು ಮುಗಿದ ಮೇಲೆ. ತಾನು ಮಾಡಿದ ತಿಂಡಿಯನ್ನು ಅದರ ನಿಜವಾದ ರುಚಿಯಲ್ಲಿ ತಿನ್ನುವ ಯೋಗ ಅವಳಿಗೆ ವರ್ಷಕ್ಕೆ ಎಷ್ಟು ಸಲ ಬರುತ್ತದೆ? ಮನೆ ಊಟವನ್ನು ಹೊಗಳುವ ದನಿಗಳನ್ನು ಗಮನಿಸಿ ಕೇಳಿ. ಬಹುಪಾಲು ಅವು ಬಟ್ಟಲಿನ ಮುಂದೆ ಕೂತವರವು, ಒಲೆಯ ಮುಂದೆ ಕೂತವರವಲ್ಲ.

ಅಪ್ಪೆಹುಳಿ, ತಂಬಳಿ, ಕರಕಲಿ ಇವನ್ನು ಯಾವ ಹೋಟೆಲೂ ನಮ್ಮ ಮನೆಯಷ್ಟು ಚೆನ್ನಾಗಿ ಮಾಡಲಾರದು. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇಬ್ಬರು ಹೊರಗೆ ಹೋಗಿ ಕೂರುವುದು ರುಚಿಯೊಂದಕ್ಕೇ ಎಂದುಕೊಂಡಲ್ಲೇ ವಾದ ದಾರಿ ತಪ್ಪಿದೆ.

ಇನ್ನು ಹೊರಗೆ ತಿನ್ನುವುದು ನಮ್ಮ ಪದ್ಧತಿಯಲ್ಲ ಎಂಬ ಮಾತು. ಇದಂತೂ ಸುಳ್ಳು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯಲ್ಲಿ ಶಿರಸಿಗೆ ಶಿರಸಿಯೇ ಬೀದಿಯಲ್ಲಿ ನಿಂತು ತಿನ್ನುತ್ತದೆ. ಯಕ್ಷಗಾನ ಆಟದ ರಾತ್ರಿ ರಂಗಸ್ಥಳದ ಪಕ್ಕದ ಅಂಗಡಿಯಲ್ಲಿ ಚಾ, ಭಜೆ ಇಲ್ಲದೆ ಬೆಳಗಾಗುವುದಿಲ್ಲ. ಆಲೆಮನೆಯನ್ನೇ ನೋಡಿ. ಗಾಣದಿಂದ ಇಳಿದ ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ, ಮಿರ್ಚಿ. ಕೊಪ್ಪರಿಗೆ ಉಕ್ಕಿ ಬಂದಾಗ ಬಾಳೆ ಎಲೆಯ ಚೂರಿನಲ್ಲಿ ಹಿಡಿದು ನೆಕ್ಕುವ ನೊರೆಬೆಲ್ಲ. ಬೆಂಕಿಯ ಮೇಲೆ ಒಂದೇ ಪಾತ್ರೆ, ಸುತ್ತ ಚಳಿಗೆ ಒತ್ತಿ ನಿಂತ ಜನ, ಪಂಕ್ತಿಯಿಲ್ಲ, ಬಡಿಸುವವರಿಲ್ಲ. ಇದನ್ನು ಪೇಟೆ ಚಾಳಿ ಎಂದವರನ್ನು ನಾನು ಕಂಡಿಲ್ಲ.

ಅಡಿಕೆ ವ್ಯಾಪಾರದ ದಿನವನ್ನೂ ಹೇಳಬೇಕು. ತೋಟಗಾರರ ಸಹಕಾರ ಸಂಘ ಶಿರಸಿಯಲ್ಲಿ ಹುಟ್ಟಿದ್ದು 1923ರಲ್ಲಿ. ತಲೆಮಾರುಗಳಿಂದ ಗಂಡಸರು ಚಾಲಿಯೋ ರಾಶಿಯೋ ತಂದು ಟೆಂಡರಿಗೆ ಹಾಕಿ, ದರ ಕೇಳಿಕೊಂಡು, ಕೈಗೆ ದುಡ್ಡು ಬಂದ ಖುಷಿಯಲ್ಲಿ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ತಿಂದಿದ್ದಾರೆ. ತಿನ್ನಲೇಬೇಕು, ದುಡಿದವರು. ಹೊರಡುವಾಗ ಮನೆಗೊಂದು ಭಜೆ ಪಾರ್ಸೆಲ್. ಆ ಪೊಟ್ಟಣ ಘಟ್ಟದ ತಿರುವುಗಳಲ್ಲಿ ಕುಲುಕಿ, ಎಣ್ಣೆ ಕಾಗದಕ್ಕೆ ಇಳಿದು, ಮನೆ ಮುಟ್ಟುವಾಗ ಭಜೆ ಮೆತ್ತಗಾಗಿರುತ್ತದೆ. ಅದೇ ಅಡಿಕೆಯನ್ನು ಸುಲಿದ ಕೈಗೆ ಸಿಗುವುದು ಅದು. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದವಳೂ ಆ ಒಲೆಯ ಮುಂದೆ ಕೂತವಳೇ ಅಲ್ಲವೇ?

ಹಾಗಾದರೆ ನಮಗೆ ಸಹಿಸಲಾಗದ್ದು ಹೊರಗೆ ತಿನ್ನುವುದಲ್ಲ. ಊರೆಲ್ಲ ಸೇರಿ ತಿಂದರೆ ಹಬ್ಬ, ಗಂಡಸೊಬ್ಬ ತಿಂದರೆ ಅವಶ್ಯ, ಇಬ್ಬರೇ ಕೂತು ತಿಂದರೆ ಮಾತ್ರ ಚಾಳಿ. ಹಿಂದೆ ನಮ್ಮ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂದು ಬರೆದ ಮೂಲೆ ಇರುತ್ತಿತ್ತು; ಹಲಗೆಯ ಅಡ್ಡಗೋಡೆ, ಮಾಸಿದ ಪರದೆ. ಮದುವೆಯಾದವರು ಕೂಡ ತಲೆ ತಗ್ಗಿಸಿ ಒಳಗೆ ಹೋಗಿ, ಬೇಗ ತಿಂದು ಎದ್ದು ಬರುತ್ತಿದ್ದರು. ಪರದೆ ಈಗ ಕಡಿಮೆಯಾಗಿದೆ, ಅಳುಕು ಹೋಗಿಲ್ಲ.

ಫಾಂಡ್ಯೂ ನನಗೆ ಮುಖ್ಯವಾಗಿ ಕಾಣುವುದು ಈ ಕಾರಣಕ್ಕೆ. ಅದು ಸ್ವಿಟ್ಜರ್ಲೆಂಡಿನ ತಿನಿಸು. ಚೀಸನ್ನು ದ್ರಾಕ್ಷಾರಸದಲ್ಲಿ ಕರಗಿಸಿ, ಸಣ್ಣ ಉರಿಯ ಮೇಲೆ ಮೇಜಿನ ನಡುವೆ ಇಡುತ್ತಾರೆ. ಉದ್ದನೆಯ ಮುಳ್ಳುಚಮಚಕ್ಕೆ ಬ್ರೆಡ್ಡಿನ ಚೂರು ಚುಚ್ಚಿ ಅದ್ದಿ ತಿನ್ನಬೇಕು. ಉರಿ ಹೆಚ್ಚಾದರೆ ತಳ ಹಿಡಿಯುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಆದ್ದರಿಂದ ಎದ್ದು ಹೋಗುವಂತಿಲ್ಲ. ಗಬಗಬ ತಿನ್ನುವಂತಿಲ್ಲ. ಒಬ್ಬರು ಬಡಿಸಿ ಇನ್ನೊಬ್ಬರು ಉಣ್ಣುವ ಮಾತೇ ಇಲ್ಲ. ಬಿಸಿಯ ಪಾಲು ಇಬ್ಬರಿಗೂ ಸಮ.

ಇದು ಯಾವುದೋ ಪುರಾತನ ಪ್ರೇಮಾಚಾರ ಎಂದೂ ಭ್ರಮಿಸಬೇಕಿಲ್ಲ. 1914ರಲ್ಲಿ ಹುಟ್ಟಿದ ಸ್ವಿಸ್ ಚೀಸ್ ಒಕ್ಕೂಟ ತನ್ನ ಸರಕು ಖರ್ಚಾಗಲೆಂದು 1930ರ ದಶಕದಲ್ಲಿ ಫಾಂಡ್ಯೂವನ್ನು ದೇಶದ ತಿನಿಸೆಂದು ಸಾರಿತು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅಮೆರಿಕನ್ನರು ಅದರ ರುಚಿ ನೋಡಿದರು. ಗುಲಾಬಿ, ಮೇಣದ ಬತ್ತಿ, ಜೋಡಿಗಳ ವಿಶೇಷ ದರ, ಇವೆಲ್ಲ ವ್ಯಾಪಾರದವರು ಸೇರಿಸಿದ್ದು. ಅವಕ್ಕೆ ದುಡ್ಡು ಸುರಿಯಬೇಕೆಂದು ನಾನೂ ಹೇಳುವುದಿಲ್ಲ. ಅವನ್ನು ತೆಗೆದಿಟ್ಟ ಮೇಲೂ ಉಳಿಯುವುದು ಎದುರುಬದುರು ಕೂತ ಇಬ್ಬರು, ಅವಸರವಿಲ್ಲದ ಒಂದು ತಾಸು. ಅದು ಶಿರಸಿಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲೂ ಸಿಗುತ್ತದೆ, ಎರಡು ದೋಸೆಯ ಬೆಲೆಗೆ.

ಹಳ್ಳಿಯ ಮಾಣಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಸಂಕಟ ಈಗ ನಮ್ಮ ಮೂರೂ ತಾಲೂಕಿನ ಮದುವೆ ಮನೆಗಳಲ್ಲಿ ಕೇಳಿಬರುತ್ತದೆ. ಕೂಸುಗಳಿಗೆ ಪೇಟೆಯ ಹುಚ್ಚು ಎಂದು ಹಿರಿಯರು ಮಾತು ಮುಗಿಸುತ್ತಾರೆ. ಸಂಬಳ, ರಸ್ತೆ, ಆಸ್ಪತ್ರೆ ಎಲ್ಲ ಕಾರಣಗಳೂ ಇರಬಹುದು. ಆದರೆ ತನ್ನ ಆಯಿ ಅಪ್ಪನ ಜೊತೆ ಎದುರು ಕೂತು ಬಿಸಿ ಊಟ ಮಾಡಿದ್ದನ್ನು ಒಮ್ಮೆಯೂ ನೋಡದೆ ಬೆಳೆದ ಹುಡುಗಿ ಅಂಥದೇ ಮನೆಗೆ ಹೋಗಲು ಹಿಂಜರಿದರೆ, ಅದನ್ನು ಹುಚ್ಚು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವಳು ಕೇಳುತ್ತಿರುವುದು ಚೀಸಲ್ಲ, ಜೊತೆ.

ಈ ಸಲ ಅಡಿಕೆ ತೆಗೆದುಕೊಂಡು ಪೇಟೆಗೆ ಹೊರಟಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಮೂಲೆ ಹುಡುಕಬೇಡಿ, ನಡುವಿನ ಮೇಜಿನಲ್ಲೇ ಕೂತುಕೊಳ್ಳಿ. ಅವಳಿಗೆ ಬೇಕಾದ್ದನ್ನು ಅವಳೇ ಹೇಳಲಿ. ಪಾರ್ಸೆಲ್ ಬೇಕಿದ್ದರೆ ಮನೆಯಲ್ಲಿ ಉಳಿದ ಗಂಡಸರಿಗೆ ಕಟ್ಟಿಸಿ.