ಕೆಸರಿನ ಮನೆ

ಆಟದ ನಕ್ಷೆಯ ಮೇಲೆ ಕರ್ಣಮಾರ್ಗವಾಗಿ ಸರಿಯುವ ಕಾಯಿಗೆ ದೂರವನ್ನು ಎಣಿಸುವ ಬಗೆ ಹೇಗೆಂಬುದನ್ನು ಈ ವಾರ ವಿವರಿಸುವೆನೆಂದು ಮಾತು ಕೊಟ್ಟಿದ್ದೆನು. ಆದರೆ ಈ ನಡುವೆ ಚೇಳೂರಿನಲ್ಲಿ ಸುರಿದ ಮಳೆಯೂ, ಮರುದಿನದ ಮುಂಜಾನೆ ಕೆರೆಯಂಗಳದಲ್ಲಿ ಹೂತುನಿಂತಿದ್ದ ಹಲಸಿನಕಾಯಿಯ ಗಾಡಿಯೊಂದೂ ನನ್ನ ಲೇಖನಿಯನ್ನು ಬೇರೆಡೆಗೆ ಸೆಳೆದಿರುವುದರಿಂದ, ಆ ಲೆಕ್ಕವು ಮುಂದಿನ ವಾರಕ್ಕೆ ನಿಲ್ಲಲಿ.

ಗಾಲಿಯು ಗುಂಬದವರೆಗೆ ಕೆಸರಿನಲ್ಲಿ ಇಳಿದಿದ್ದಿತು. ನೊಗ ಕಳಚಿದೊಡನೆ ಎತ್ತುಗಳು ಮಾತ್ರ, ಊರಿದಾಗ ಅಗಲಿ ಎತ್ತುವಾಗ ಕೂಡಿಕೊಳ್ಳುವ ತಮ್ಮ ಸೀಳುಗೊರಸಿನ ಬಲದಿಂದ, ಒಂದೊಂದೇ ಹೆಜ್ಜೆಯನ್ನು ಬಿಡಿಸಿಕೊಂಡು ದಡ ಸೇರಿದವು. ಬರಿಗಾಲಿನ ಗಾಡಿಯವನು ಜೊಂಡಿನ ಬುಡಗಳನ್ನು ಮೆಟ್ಟಿಕೊಂಡು ಅವಕ್ಕಿಂತ ಮೊದಲೇ ದಡದ ಮೇಲಿದ್ದನು. ಕೆಸರು ಒಂದೇ, ಗಾಲಿಗೆ, ಗೊರಸಿಗೆ, ಪಾದಕ್ಕೆ ಅದು ಮೂರಾಗಿದ್ದಿತು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಲೋಕಕ್ಕೆ ಕೊಟ್ಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ 2014ರ ನಿಯಮಗ್ರಂಥವು ಈ ಭೇದವನ್ನು ಎಣಿಸುವುದಿಲ್ಲ. ನಕ್ಷೆಯಲ್ಲಿ ಐದಡಿಗೊಂದು ಮನೆಯಂತೆ, ಮೂವತ್ತಡಿಯ ನಡೆಯುಳ್ಳ ವೀರನು ಬಯಲಿನಲ್ಲಿ ಆರು ಮನೆಗಳನ್ನೂ ದುರ್ಗಮಭೂಮಿಯಲ್ಲಿ ಮೂರನ್ನೂ ದಾಟುವನು. ಕಲ್ಲುರಾಶಿಯಿರಲಿ, ಹಿಮವಿರಲಿ, ಪೊದೆಯಿರಲಿ, ವೆಚ್ಚವು ಇಮ್ಮಡಿ. ಎರಡು ಅಡ್ಡಿಗಳು ಒಂದೇ ಮನೆಯಲ್ಲಿ ಕೂಡಿದರೂ ಅದೇ ಇಮ್ಮಡಿ. ಲೆಕ್ಕ ಸುಲಭವಾಯಿತು, ನೆಲ ಮೂಕವಾಯಿತು.

ಇದಕ್ಕೆ ಪರಿಹಾರವೆಂದು, ನಕ್ಷೆಯನ್ನೇ ಮಡಿಸಿಟ್ಟು ಸಕಲವನ್ನೂ ಬಾಯಿಮಾತಿನ ವರ್ಣನೆಗೆ ಒಪ್ಪಿಸಬೇಕೆನ್ನುವ ಪಂಥವೊಂದುಂಟು. ಮನೆ ಎಣಿಸುತ್ತ ಕುಳಿತರೆ ಕಥೆ ಸಾಯುವುದೆಂಬುದು ಅದರ ವಾದ. ಈ ಮಾತನ್ನು ನಾನು ಎಂದೂ ಒಪ್ಪಲಾರೆನು. ಗಾಯಗೊಂಡ ಗೆಳೆಯನ ಬಳಿ ಸೇರಲು ಒಂದೇ ಒಂದು ಮನೆ ಸಾಲದೆ ಕೆಸರಿನ ನಡುವೆ ನಿಂತ ಯೋಧನ ಸಂಕಟವು ಎಣಿಕೆಯಿಂದಲೇ ಹುಟ್ಟಿದ್ದಲ್ಲವೆ?

ನಮ್ಮ ಆಟಕ್ಕೆ ಬೇಕಾದ ವಿವೇಕವು ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ಆರ್. ಶಾಮಶಾಸ್ತ್ರಿಗಳ ಋಣ ನಮ್ಮೆಲ್ಲರ ಮೇಲಿದೆ. ಅಲ್ಲಿ ಯುದ್ಧಭೂಮಿಯೆಂಬುದು ಒಂದೇ ಅಲ್ಲ, ಅಂಗಕ್ಕೊಂದು. ರಥಕ್ಕೆ ಸಮವೂ ಗಟ್ಟಿಯೂ ಆದ ನೆಲವಿರಬೇಕು, ಮರ, ಪೊದೆ, ಹುತ್ತ, ಮರಳು, ಕೆಸರು ಯಾವುದೂ ಸಲ್ಲದು. ಕುದುರೆಗಾದರೋ ಸಣ್ಣ ಕಲ್ಲುಗಳಿದ್ದರೂ, ಹಾರಿ ದಾಟಬಹುದಾದ ಕುಳಿಗಳಿದ್ದರೂ ಅಡ್ಡಿಯಿಲ್ಲ. ಆನೆಗೆ ಕೆಡಹಬಹುದಾದ ಮರಗಳೂ ಕೀಳಬಹುದಾದ ಬಳ್ಳಿಗಳೂ ಕೆಸರೂ ಉಳ್ಳ ನೆಲವೇ ಯೋಗ್ಯಭೂಮಿ. ಒಬ್ಬನಿಗೆ ದುರ್ಗಮವಾದದ್ದು ಇನ್ನೊಬ್ಬನಿಗೆ ಸ್ವಕ್ಷೇತ್ರವೆಂಬ ಈ ತತ್ತ್ವದ ಮುಂದೆ ಇಮ್ಮಡಿಯ ನಿಯಮವು ತೀರ ಬಡವಾಗಿ ಕಾಣುತ್ತದೆ.

ಎತ್ತಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ಇರಲಾರೆನು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನು, ಮಳೆ ಹಿಡಿದು, ಮೇವು ತೀರಿ, ಎಳೆಯುವ ಎತ್ತುಗಳು ಗುಂಪುಗುಂಪಾಗಿ ಸತ್ತುದರಿಂದ, ಕೋಟೆ ಒಡೆಯಲೆಂದು ತಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಇತ್ತ ಮೈಸೂರಿನ ಸೈನ್ಯದ ವೇಗಕ್ಕೆ ಆಧಾರವಾಗಿದ್ದುದು ಅಮೃತಮಹಲ್ ಎತ್ತು. ನಮ್ಮ ಸೀಮೆಯ ಕಾವಲುಗಳ ಹುಲ್ಲು ಮೇದು ಬೆಳೆದ ತಳಿಯದು. ಆ ದಂಡಯಾತ್ರೆಯನ್ನು ಮೇಜಿನ ಮೇಲೆ ಆಡಿಸುವವನು ಎರಡೂ ಪಕ್ಷಕ್ಕೆ ಒಂದೇ ವೆಚ್ಚವನ್ನು ವಿಧಿಸಿದರೆ, ಕಾರ್ನ್‌ವಾಲಿಸನು ಏಕೆ ಹಿಂದಿರುಗಿದನೆಂಬುದನ್ನು ಆಟಗಾರರು ಎಂದಿಗೂ ಅರಿಯರು.

ಆದುದರಿಂದ, ಬರುವ ಭಾನುವಾರ ನಕ್ಷೆ ಬರೆದು ಆಟ ನಡೆಸಲಿರುವ ಸೂತ್ರಧಾರರಲ್ಲಿ ನನ್ನ ವಿನಂತಿ: ಕೆಸರಿನ ಮನೆಯಲ್ಲಿ ಒಂದು ಅಂಕಿಯ ಬದಲು ನಾಲ್ಕನ್ನು ಬರೆಯಿರಿ. ಆನೆಗೆ ಒಂದು, ಕಾಲಾಳಿಗೆ ಎರಡು, ಕುದುರೆಗೆ ಮೂರು, ರಥಕ್ಕೆ ಪ್ರವೇಶವಿಲ್ಲ.